ಲಾಂಗ್‌ಬೋರ್ಡ್ ಟ್ರಕ್ ಆರಿಸುವಾಗ: ಮೊದಲು ಕೋನ, ಆಮೇಲೆ ಅಗಲ, ಆಮೇಲೆ ಬುಷ್

ದಾವಣಗೆರೆಯ ಸಮತಟ್ಟು ಕಾಂಕ್ರೀಟ್ ರಸ್ತೆಯಲ್ಲಿ ಹೇಳಿದಂತೆ ಕೇಳುವ ಲಾಂಗ್‌ಬೋರ್ಡು (ಉದ್ದನೆಯ ಸ್ಕೇಟ್‌ಬೋರ್ಡು), ಸುಮಾರು 60 ಕಿ.ಮೀ. ಆಚೆ ಚಿತ್ರದುರ್ಗದ ಇಳಿಜಾರಿಗೆ ಬಂದ ಕೂಡಲೇ ನಡುಗತೊಡಗುತ್ತದೆ. ಆಗ ಬಹಳ ಜನ ಮಾಡುವ ಮೊದಲ ಕೆಲಸವೆಂದರೆ ಟ್ರಕ್ಕಿನ, ಅಂದರೆ ಹಲಗೆಯ ಅಡಿಯಲ್ಲಿ ಚಕ್ರಗಳನ್ನು ಹೊತ್ತು ತಿರುಗುವ ಲೋಹದ ಜೋಡಣೆಯ, ಕಿಂಗ್‌ಪಿನ್ ನಟ್ಟನ್ನು ಬಲವಾಗಿ ಬಿಗಿಯುವುದು. ಬಿಗಿದ ಮೇಲೆ ಬೋರ್ಡು ತಿರುಗುವುದೂ ಇಲ್ಲ, ನಡುಕವೂ ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಟ್ರಕ್ಕಿನ ಸ್ವಭಾವವನ್ನು ನಿರ್ಧರಿಸುವುದು ಬೇಸ್‌ಪ್ಲೇಟಿನ ಕೋನ, ಹ್ಯಾಂಗರಿನ ಅಗಲ ಮತ್ತು ಬುಷ್‌ಗಳು. ನಟ್ಟಿನ ಕೆಲಸ ಇವನ್ನೆಲ್ಲ ಹಿಡಿದಿಡುವುದಷ್ಟೇ. ಹೊಸ ಟ್ರಕ್ ಕೊಳ್ಳುವವರೂ, ಇರುವುದನ್ನೇ ಸರಿಪಡಿಸಿಕೊಳ್ಳುವವರೂ ಇದೇ ಕ್ರಮದಲ್ಲಿ ಯೋಚಿಸಿದರೆ ದುಡ್ಡು ಉಳಿಯುತ್ತದೆ.

ಆರ್‌ಕೆಪಿಯೋ ಟಿಕೆಪಿಯೋ

ಡೆಕ್ಕಿಗೆ, ಅಂದರೆ ನಾವು ನಿಲ್ಲುವ ಹಲಗೆಗೆ, ನಾಲ್ಕು ಬೋಲ್ಟ್‌ಗಳಿಂದ ಕೂರುವ ತಟ್ಟೆ ಬೇಸ್‌ಪ್ಲೇಟ್. ಚಕ್ರಗಳ ಆಕ್ಸಲ್ ಹೊತ್ತ ಅಡ್ಡ ಭಾಗ ಹ್ಯಾಂಗರ್. ಇವೆರಡನ್ನೂ ಜೋಡಿಸುವ ದಪ್ಪ ಬೋಲ್ಟ್ ಕಿಂಗ್‌ಪಿನ್. ಹ್ಯಾಂಗರಿನ ಮೂಗು ಬೇಸ್‌ಪ್ಲೇಟಿನ ಪಿವಟ್ ಕಪ್ಪಿನಲ್ಲಿ ಕೂತು ತಿರುಗುತ್ತದೆ, ಕಿಂಗ್‌ಪಿನ್ನಿನ ಸುತ್ತ ಹ್ಯಾಂಗರಿನ ಡೆಕ್ ಪಕ್ಕ ಒಂದು, ರಸ್ತೆ ಪಕ್ಕ ಒಂದು ರಬ್ಬರಿನಂಥ ಯುರಿಥೇನ್ ಬುಷ್ ಇರುತ್ತದೆ.

ಕಿಂಗ್‌ಪಿನ್ ನಟ್ ಬೋರ್ಡಿನ ಎರಡೂ ತುದಿಗಳ ಕಡೆಗೆ, ಅಂದರೆ ಹೊರಕ್ಕೆ ಮುಖ ಮಾಡಿದ್ದರೆ ಅದು ಆರ್‌ಕೆಪಿ (ರಿವರ್ಸ್ ಕಿಂಗ್‌ಪಿನ್). ಎರಡು ನಟ್‌ಗಳೂ ಒಳಮುಖವಾಗಿ ಒಂದನ್ನೊಂದು ನೋಡುತ್ತಿದ್ದರೆ ಟಿಕೆಪಿ (ಟ್ರೆಡಿಷನಲ್ ಕಿಂಗ್‌ಪಿನ್), ಸಾಮಾನ್ಯ ಸ್ಕೇಟ್‌ಬೋರ್ಡಿನಲ್ಲಿ ಇರುವಂಥದ್ದು. ಟಿಕೆಪಿ ನೆಲಕ್ಕೆ ಹತ್ತಿರ ಕೂರುತ್ತದೆ, ಬಾಲ ಒತ್ತಿ ಮೂತಿ ಎತ್ತುವ ಆಟಕ್ಕೆ ಒಳ್ಳೆಯದು. ಉದ್ದಕ್ಕೆ ತಳ್ಳಿಕೊಂಡು ಹೋಗಲು, ಎಡಬಲ ಬಳುಕುತ್ತ ಸಾಗಲು, ಇಳಿಜಾರು ಇಳಿಯಲು ಆರ್‌ಕೆಪಿಯನ್ನೇ ಕೊಳ್ಳಿ. ವಾಲಿಸಿದಷ್ಟೂ ಹದವಾಗಿ, ಒಂದೇ ಸಮನೆ ತಿರುಗುವ ಗುಣ ಅದರಲ್ಲಿದೆ. ಎರಡು ಕಿಂಗ್‌ಪಿನ್ ಇರುವ ಟ್ರಕ್‌ಗಳೂ, ಸರ್ಫ್‌ಸ್ಕೇಟ್ ಟ್ರಕ್‌ಗಳೂ ಸಿಗುತ್ತವೆ. ಅವು ಬಹಳ ಚಿಕ್ಕ ಜಾಗದಲ್ಲಿ ತಿರುಗುತ್ತವೆ, ವೇಗಕ್ಕೆ ಆಗಿಬರುವುದಿಲ್ಲ. ಇಳಿಜಾರಿನ ಊರಿನಲ್ಲಿರುವವರು ಮೊದಲ ಟ್ರಕ್ಕಾಗಿ ಅವನ್ನು ತೆಗೆದುಕೊಳ್ಳಬಾರದು.

ಕೋನದ ಲೆಕ್ಕ

ಆರ್‌ಕೆಪಿ ಟ್ರಕ್ಕಿನ ವಿವರದಲ್ಲಿ 50, 44, 43, 40 ಎಂದು ಡಿಗ್ರಿ ಬರೆದಿರುತ್ತದೆ. ಹ್ಯಾಂಗರ್ ಯಾವ ರೇಖೆಯ ಸುತ್ತ ತಿರುಗುತ್ತದೋ ಆ ರೇಖೆ ನೆಲದಿಂದ ಎಷ್ಟು ಎದ್ದಿದೆ ಎಂಬುದೇ ಆ ಅಂಕಿ. ಅಂಕಿ ದೊಡ್ಡದಾದಷ್ಟೂ ಸ್ವಲ್ಪ ವಾಲಿಸಿದರೆ ಸಾಕು, ಚಕ್ರ ಜಾಸ್ತಿ ತಿರುಗುತ್ತದೆ. ಚಿಕ್ಕದಾದಷ್ಟೂ ಅಷ್ಟೇ ತಿರುಗಲು ಹೆಚ್ಚು ವಾಲಿಸಬೇಕು.

ಡೆಕ್ಕನ್ನು 10 ಡಿಗ್ರಿ ವಾಲಿಸಿದಿರಿ ಎನ್ನಿ. 50 ಡಿಗ್ರಿಯ ಟ್ರಕ್ಕಿನಲ್ಲಿ ಆಕ್ಸಲ್ ಸುಮಾರು 11.7 ಡಿಗ್ರಿ ತಿರುಗುತ್ತದೆ. 40ರಲ್ಲಿ 8.3, ಇಳಿಜಾರು ಓಟದವರು ಹಿಂದೆ ಹಾಕುವ 20ರಲ್ಲಿ ಬರೀ 3.6. ಎರಡು ಟ್ರಕ್‌ಗಳ ನಡುವೆ 70 ಸೆಂ.ಮೀ. ಅಂತರವಿದ್ದು, ಎರಡೂ ಕಡೆ ಒಂದೇ ಕೋನವಿದ್ದರೆ ಪೂರ್ತಿ ಹಿಂದಿರುಗಲು ಬೇಕಾಗುವ ರಸ್ತೆಯ ಅಗಲ ಕ್ರಮವಾಗಿ 3.4 ಮೀಟರ್, 4.8 ಮೀಟರ್, 11 ಮೀಟರ್. ಬಡಾವಣೆಯ ಒಳರಸ್ತೆಯ ಡಾಂಬರು ಐದಾರು ಮೀಟರ್ ಇದ್ದರೆ, 50ರ ಟ್ರಕ್ಕಿನಲ್ಲಿ ಕಾಲು ಕೆಳಗಿಡದೆ ತಿರುಗಿ ಬರಬಹುದು. 40ರಲ್ಲಿ ರಸ್ತೆಯ ಅಂಚಿನವರೆಗೂ ಹೋಗಬೇಕಾಗುತ್ತದೆ. ಬೋರ್ಡು ಉದ್ದವಾಗಿ ಟ್ರಕ್‌ಗಳ ಅಂತರ ಹೆಚ್ಚಿದರೆ ಈ ಅಳತೆಗಳೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ವೇಗ ಏರಿದಾಗ ಇದೇ ಲೆಕ್ಕ ಬೇರೆ ಫಲ ಕೊಡುತ್ತದೆ. ಮೊಣಕಾಲು ಸ್ವಲ್ಪ ಅದುರಿದರೂ 50ರ ಟ್ರಕ್ ಅದನ್ನು ತಿರುವು ಎಂದೇ ತೆಗೆದುಕೊಳ್ಳುತ್ತದೆ. ನೀವು ಅದನ್ನು ಸರಿಪಡಿಸಲು ಇನ್ನೊಂದು ಕಡೆ ವಾಲುತ್ತೀರಿ, ಅದು ಅತಿಯಾಗುತ್ತದೆ, ಮತ್ತೆ ಈಚೆ ವಾಲುತ್ತೀರಿ. ಹೀಗೆ ಎಡಬಲ ತೂಗಾಟ ಬೆಳೆಯುತ್ತ ಹೋಗಿ ಆಳನ್ನು ಎಸೆದುಬಿಡುತ್ತದೆ. ಸ್ಪೀಡ್ ವಾಬಲ್ ಎನ್ನುವುದು ಇದಕ್ಕೇ. ಹೆಚ್ಚಿನ ಸಲ ಇದು ಶುರುವಾಗುವುದು ಹಿಂದಿನ ಟ್ರಕ್ಕಿನಿಂದ.

ಆದ್ದರಿಂದ ದಾವಣಗೆರೆಯ ಕುಂದುವಾಡ ಕೆರೆ ಕಡೆಯ ಸಮತಟ್ಟು ರಸ್ತೆಗಳಲ್ಲೋ, ವಿದ್ಯಾನಗರದಂಥ ಬಡಾವಣೆಗಳಲ್ಲೋ ಓಡಾಡುವವರಿಗೆ ಮುಂದೆ ಹಿಂದೆ ಎರಡೂ 50 ಡಿಗ್ರಿ ಸರಿಯಾದ ಆಯ್ಕೆ. ಚಿತ್ರದುರ್ಗದವರು, ಅಥವಾ ಎರಡೂ ಊರಿನಲ್ಲಿ ಓಡಿಸುವವರು, ಮುಂದೆ 50 ಮತ್ತು ಹಿಂದೆ 43 ಅಥವಾ 44 ಹಾಕಿಕೊಂಡರೆ ತಿರುವು ಉಳಿದು ನಡುಕ ಕಡಿಮೆಯಾಗುತ್ತದೆ. ಮುಂದಿನದು ದಾರಿ ತೋರಿಸುತ್ತದೆ, ಹಿಂದಿನದು ಸುಮ್ಮನೆ ಹಿಂಬಾಲಿಸುತ್ತದೆ. ಒಂದೇ ಟ್ರಕ್ ಎಲ್ಲಕ್ಕೂ ಆಗಬೇಕು ಎನ್ನುವವರಿಗೆ ನಮ್ಮ ಸಲಹೆ ಇದೇ. ಜೋಡಣೆ ಮಾತ್ರ ಅದಲುಬದಲಾಗಬಾರದು. ಕಡಿಮೆ ಕೋನದ್ದು ಮುಂದೆ ಬಂದರೆ ಬಾಲವೇ ಬೋರ್ಡನ್ನು ತಿರುಗಿಸತೊಡಗುತ್ತದೆ, ವೇಗದಲ್ಲಿ ಅದು ತೀರ ಅಪಾಯ.

ಬೇರೆ ಬೇಸ್‌ಪ್ಲೇಟ್ ಕೊಳ್ಳಲಾಗದಿದ್ದರೆ ಓರೆ ರೈಸರ್‌ನಿಂದಲೂ (ರೈಸರ್ ಎಂದರೆ ಡೆಕ್ಕಿಗೂ ಬೇಸ್‌ಪ್ಲೇಟಿಗೂ ನಡುವೆ ಇಡುವ ತುಂಡು, ಓರೆಯದರಲ್ಲಿ ಒಂದು ಅಂಚು ದಪ್ಪ) ಕೋನ ಬದಲಿಸಬಹುದು. 7 ಡಿಗ್ರಿಯ ಓರೆ ರೈಸರನ್ನು ಡೆಕ್ಕಿಗೂ ಹಿಂದಿನ ಟ್ರಕ್ಕಿಗೂ ನಡುವೆ, ದಪ್ಪ ಅಂಚು ಬಾಲದ ಕಡೆ ಬರುವಂತೆ ಇಟ್ಟರೆ 50 ಇದ್ದದ್ದು 43 ಆಗುತ್ತದೆ. ದಪ್ಪ ಅಂಚು ಬೋರ್ಡಿನ ನಡುವಿನ ಕಡೆ ಬಂದರೆ 57 ಆಗುತ್ತದೆ, ಅಂದರೆ ಬೇಕಾದ್ದಕ್ಕೆ ಪೂರ್ತಿ ತಿರುಗುಮುರುಗು. ಅಂಗಡಿಯಿಂದ ಬಂದ ರೈಸರಿನ ಮೇಲೆ ಯಾವ ಕಡೆ ಎಂದು ಬರೆದಿರುವುದಿಲ್ಲ, ನೋಡಿಕೊಂಡು ಹಾಕಿ.

ಅಗಲ

ಆರ್‌ಕೆಪಿ ಹ್ಯಾಂಗರ್‌ಗಳು ಹೆಚ್ಚಾಗಿ 150 ಅಥವಾ 180 ಮಿ.ಮೀ. ಅಗಲದಲ್ಲಿ ಬರುತ್ತವೆ. 180ರ ಹ್ಯಾಂಗರಿನಲ್ಲಿ ಆಕ್ಸಲ್ ತುದಿಯಿಂದ ತುದಿಗೆ ಸುಮಾರು 10 ಇಂಚು, 150ರಲ್ಲಿ ಸುಮಾರು 9 ಇಂಚು. ಡೆಕ್ಕಿನ ಅಗಲಕ್ಕೆ ಇದು ಹತ್ತಿರ ಇರಬೇಕು: ಒಂಬತ್ತೂವರೆಯಿಂದ ಹತ್ತು ಇಂಚಿನ ಡೆಕ್ಕಿಗೆ 180, ಒಂಬತ್ತರ ಒಳಗಿನದಕ್ಕೆ 150. ಅಗಲ ಹೆಚ್ಚಿದಷ್ಟೂ ಬೋರ್ಡು ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ತಿರುವು ನಿಧಾನವಾಗುತ್ತದೆ. ಆದರೆ ಡೆಕ್ಕಿಗಿಂತ ಚಕ್ರಗಳು ತುಂಬ ಹೊರಗೆ ಚಾಚಿದರೆ ತಳ್ಳುವ ಕಾಲು ಹಿಂದಿನ ಚಕ್ರಕ್ಕೆ ತಾಗುತ್ತದೆ, ಪಾದದ ಒತ್ತಡವೂ ಹ್ಯಾಂಗರಿಗೆ ಸರಿಯಾಗಿ ತಲುಪುವುದಿಲ್ಲ. ತೀರ ಒಳಗಿದ್ದರೆ ಡೆಕ್ಕಿನ ಅಂಚು ಒತ್ತಿದ ಕೂಡಲೇ ಬೋರ್ಡು ಧಪ್ಪನೆ ವಾಲುತ್ತದೆ.

ಬುಷ್‌ನಲ್ಲಿದೆ ಅರ್ಧ ಕೆಲಸ

ಸಾವಿರಾರು ರೂಪಾಯಿಯ ಟ್ರಕ್ಕನ್ನು ಕೆಡಿಸುವುದೂ, ಸಾಧಾರಣ ಟ್ರಕ್ಕನ್ನು ಚೆನ್ನಾಗಿ ಓಡಿಸುವುದೂ ಬುಷ್‌ಗಳೇ. ಕಾರ್ಖಾನೆಯಿಂದ ಬರುವ ಬುಷ್ ಸರಾಸರಿ ತೂಕದ ಯಾರೋ ಒಬ್ಬರಿಗೆ ಅಂದಾಜು ಮಾಡಿ ಹಾಕಿದ್ದು. 50 ಕಿಲೋ ತೂಕದ ಹುಡುಗಿಗೆ ಅದು ಕಲ್ಲಿನಂತೆ, 90 ಕಿಲೋದವರಿಗೆ ಬೆಣ್ಣೆಯಂತೆ ಇರುತ್ತದೆ.

ಗಡಸುತನವನ್ನು ಎ ಮಾಪನದಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಬಳುಕುತ್ತ ಸಾಗುವ ಸವಾರಿಗೆ ಆರಂಭದ ಅಂದಾಜು ಹೀಗಿದೆ: 50 ಕಿಲೋ ಆಸುಪಾಸಿನವರಿಗೆ 78ಎಯಿಂದ 80ಎ, 60ರಿಂದ 70 ಕಿಲೋದವರಿಗೆ 83ಎಯಿಂದ 85ಎ, 70ರಿಂದ 80ರವರಿಗೆ 87ಎ, ಅದಕ್ಕೂ ಮೇಲಿನವರಿಗೆ 90ಎ ಮತ್ತು ಮೇಲೆ. ಇಳಿಜಾರಿಗೆ ಒಂದು ಮೆಟ್ಟಿಲು ಗಟ್ಟಿ ತೆಗೆದುಕೊಳ್ಳಿ. ಬೇಕಿದ್ದರೆ ಹಿಂದಿನ ಟ್ರಕ್ಕಿಗೆ ಮಾತ್ರ ಗಟ್ಟಿ ಹಾಕಿ, ಮುಂದಿನದನ್ನು ಹಾಗೇ ಬಿಡಿ.

ಆಕಾರಕ್ಕೂ ಅಷ್ಟೇ ಮಹತ್ವ ಇದೆ. ಪೀಪಾಯಿಯಂತೆ ನೇರವಾಗಿರುವ ಬ್ಯಾರಲ್ ಬುಷ್ ಹ್ಯಾಂಗರಿನ ಕುಳಿಯನ್ನು ತುಂಬಿಕೊಂಡು ಕೂರುತ್ತದೆ, ನಡುವಿಗೆ ತಂತಾನೇ ಮರಳುತ್ತದೆ. ತುದಿ ಮೊನಚಾದ ಕೋನ್ ಬುಷ್ ಸುಲಭವಾಗಿ ವಾಲುತ್ತದೆ, ಆದರೆ ನಡುವಿಗೆ ಮರಳಿಸುವ ಶಕ್ತಿ ಕಡಿಮೆ. ಡೆಕ್ಕಿನ ಪಕ್ಕ ಬ್ಯಾರಲ್, ರಸ್ತೆಯ ಪಕ್ಕ ಕೋನ್ ಎಂಬ ಜೋಡಿ ಊರೊಳಗಿನ ಓಡಾಟಕ್ಕೆ ಬಹಳ ಹೊಂದುತ್ತದೆ. ಇಳಿಜಾರಿಗೆ ಎರಡೂ ಪಕ್ಕ ಬ್ಯಾರಲ್ ಇರಲಿ. ಎರಡೂ ಪಕ್ಕ ಕೋನ್ ಹಾಕಿದ ಬೋರ್ಡನ್ನು ಇಳಿಜಾರಿಗೆ ಒಯ್ಯಲೇಬೇಡಿ.

ವಾಷರ್‌ಗಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬಟ್ಟಲಿನಂತೆ ಅಂಚು ಎದ್ದ ವಾಷರ್ ಬುಷ್ಷನ್ನು ಹಿಡಿದಿಟ್ಟು ವಾಲುವುದಕ್ಕೆ ತಡೆ ಒಡ್ಡುತ್ತದೆ, ಚಪ್ಪಟೆ ವಾಷರ್ ಅದನ್ನು ಸಲೀಸಾಗಿ ಬಿಡುತ್ತದೆ. ಬುಷ್ ಬದಲಿಸುವ ಮೊದಲು ವಾಷರ್ ಬದಲಿಸಿ ನೋಡಿ, ಖರ್ಚು ಕಡಿಮೆ.

ಯುರಿಥೇನ್ ಬಿಸಿಗೆ ಮೆತ್ತಗಾಗುತ್ತದೆ ಎಂಬುದನ್ನೂ ಮರೆಯಬಾರದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಇದ್ದ ಬೋರ್ಡು, ಅದೇ ಬುಷ್, ಅದೇ ನಟ್, ಆದರೂ ಬೆಳಗಿನದಕ್ಕಿಂತ ಸಡಿಲವಾಗಿರುತ್ತದೆ. ನೆರಳಿನಲ್ಲಿ ತಣ್ಣಗಾಗಲು ಬಿಟ್ಟು ಇಳಿಜಾರಿಗೆ ಹೋಗಿ.

ಜೋಡಿಸುವುದು

ಪಾನಾ ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ನಟ್‌ಗಳು ಇಂಚಿನ ಲೆಕ್ಕದವು: ಕಿಂಗ್‌ಪಿನ್‌ಗೆ 9/16, ಆಕ್ಸಲಿಗೆ 1/2, ಡೆಕ್ಕಿನ ಬೋಲ್ಟ್‌ಗಳಿಗೆ 3/8. ಬೈಕ್ ಮೆಕ್ಯಾನಿಕ್ಕಿನ ಹತ್ತಿರ ಇರುವುದು ಮಿ.ಮೀ. ಪಾನಾ. ಆಕ್ಸಲಿಗೆ 13, ಡೆಕ್ಕಿಗೆ 10 ಸ್ವಲ್ಪ ಸಡಿಲವಾದರೂ ಕೆಲಸ ನಡೆಯುತ್ತದೆ. ಕಿಂಗ್‌ಪಿನ್‌ಗೆ ಮಾತ್ರ 14 ಒಳಗೆ ಹೋಗುವುದಿಲ್ಲ, 15 ಹಾಕಿದರೆ ನಟ್ಟಿನ ಮೂಲೆಗಳು ಸವೆದುಹೋಗುತ್ತವೆ. ಮೂರೂ ಅಳತೆ ಒಂದರಲ್ಲೇ ಇರುವ ಸ್ಕೇಟ್ ಟೂಲ್ ತರಿಸಿಕೊಳ್ಳುವುದೇ ಸರಿ.

ನಟ್ ಬಿಚ್ಚಿ ವಾಷರ್, ರಸ್ತೆ ಪಕ್ಕದ ಬುಷ್, ಹ್ಯಾಂಗರ್, ಡೆಕ್ ಪಕ್ಕದ ಬುಷ್, ಅದರ ವಾಷರ್ ಹೀಗೆ ಒಂದೊಂದಾಗಿ ತೆಗೆದು ಅದೇ ಸಾಲಿನಲ್ಲಿ ನೆಲದ ಮೇಲಿಡಿ. ಪಿವಟ್ ಕಪ್ಪಿನ ಧೂಳು ಒರೆಸಿ, ಮೇಣದಬತ್ತಿ ಅಥವಾ ಒಣ ಸೋಪನ್ನು ಒಂಚೂರು ಸವರಿ. ಕಿರ್ ಕಿರ್ ಸದ್ದು ಇದರಿಂದಲೇ ನಿಲ್ಲುತ್ತದೆ, ಎಂಜಿನ್ ಆಯಿಲ್ ಬೇಡ. ಹೊಸ ಬುಷ್ ಹಾಕಿ ತಿರುಗಿ ಜೋಡಿಸಿ. ವಾಷರನ್ನು ಬೆರಳಿನಿಂದ ತಿರುಗಿಸಲು ಆಗದಷ್ಟಕ್ಕೆ ನಟ್ ಬಿಗಿದು, ಅಲ್ಲಿಂದ ಅರ್ಧ ಸುತ್ತು ಸೇರಿಸಿ. ಒಂದೂವರೆ ಸುತ್ತಿಗಿಂತ ಹೆಚ್ಚು ಬಿಗಿಯಬೇಕು ಅನಿಸಿದರೆ ಬುಷ್ ನಿಮ್ಮ ತೂಕಕ್ಕೆ ಮೆದು, ಗಟ್ಟಿಯದನ್ನು ತನ್ನಿ. ಅತಿಯಾಗಿ ಬಿಗಿದ ಬುಷ್ ಹೊಟ್ಟೆ ಉಬ್ಬಿಸಿಕೊಂಡು ಸೀಳುತ್ತದೆ. ನಟ್ ಪೂರ್ತಿ ಸಡಿಲಿಸಿದರೂ ಬೋರ್ಡು ಬಗ್ಗದಿದ್ದರೆ ಬುಷ್ ಗಟ್ಟಿಯಾಯಿತು. ನಟ್ಟಿನ ನೈಲಾನ್ ಉಂಗುರದಿಂದ ಆಚೆ ಕಿಂಗ್‌ಪಿನ್ನಿನ ಒಂದೆರಡು ಎಳೆ ಕಾಣುತ್ತಿರಲೇಬೇಕು, ಇಲ್ಲವಾದರೆ ಓಡುವಾಗ ನಟ್ ಕಳಚಬಹುದು.

ಟ್ರಕ್ಕನ್ನು ಡೆಕ್ಕಿಗೆ ಹಾಕುವಾಗ ಆರ್‌ಕೆಪಿ ನಟ್‌ಗಳು ಹೊರಮುಖವಾಗಿವೆಯೇ ನೋಡಿ. ಒಂದನ್ನು ತಿರುಗಿಸಿ ಕೂರಿಸಿದರೆ ಆ ತುದಿ ಉಲ್ಟಾ ತಿರುಗುತ್ತದೆ, ಬೋರ್ಡು ಓರೆಯಾಗಿ ಸರಿಯುತ್ತದೆ. ನಾಲ್ಕು ಬೋಲ್ಟ್‌ಗಳನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಆಮೇಲೆ ಚಾಕ್‌ಪೀಸ್ ಪರೀಕ್ಷೆ. ನಾಲ್ಕೂ ಚಕ್ರಗಳ ಮೇಲ್ಭಾಗಕ್ಕೆ ಚಾಕ್ ತಿಕ್ಕಿ, ಬೋರ್ಡಿನ ಮೇಲೆ ನಿಂತು ಎರಡೂ ಕಡೆ ಪೂರ್ತಿ ವಾಲಿಸಿ. ಡೆಕ್ಕಿನ ಅಡಿಯಲ್ಲಿ ಬಿಳಿ ಗುರುತು ಬಿದ್ದರೆ ಚಕ್ರ ತಾಗುತ್ತಿದೆ. ತಿರುವಿನಲ್ಲಿ ಹಾಗೆ ತಾಗಿದರೆ ಬೋರ್ಡು ಗಕ್ಕನೆ ನಿಂತು ನೀವು ಮುಂದಕ್ಕೆ ಹೋಗಿ ಬೀಳುತ್ತೀರಿ. 3 ಮಿ.ಮೀ. ರೈಸರ್ ಹಾಕಿ ಮತ್ತೆ ನೋಡಿ, ಸಾಲದಿದ್ದರೆ 6 ಮಿ.ಮೀ. ರೈಸರ್ ದಪ್ಪ ಹೆಚ್ಚಿದಂತೆ ಬೋಲ್ಟಿನ ಉದ್ದವೂ ಹೆಚ್ಚಬೇಕು.

ಓಡಿಸಿ ನೋಡುವುದು

ಹೊಸ ಬುಷ್ ಮೊದಲ ಕೆಲವು ಸವಾರಿಗಳಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಮೊದಲು ಸಮತಟ್ಟು ರಸ್ತೆಯಲ್ಲಿ ತಳ್ಳಿ, ಒಂದೇ ಕಾಲಿನ ಮೇಲಿದ್ದಾಗ ಬೋರ್ಡು ನೇರ ಹೋಗುತ್ತದೆಯೇ ನೋಡಿ. ಆಮೇಲೆ ಕೆಳಗೆ ಸಾಕಷ್ಟು ಸಮತಟ್ಟು ಜಾಗ ಇರುವ, ವಾಹನ ಇಲ್ಲದ ಚಿಕ್ಕ ಇಳಿಜಾರು. ಹೆಲ್ಮೆಟ್, ಕೈಗವಸು, ಮೊಣಕಾಲು ಪಟ್ಟಿ ಇಲ್ಲದೆ ಇದಕ್ಕೆ ಇಳಿಯಬೇಡಿ. ಕುಂದುವಾಡ ಕೆರೆಯ ಏರಿ ನಡೆಯುವವರ ಜಾಗ, ಪ್ರಯೋಗಕ್ಕೆ ಅಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ರಸ್ತೆ ಕಣ್ಣಿಗೆ ಚೆಂದ ಕಂಡರೂ ಅದು ಅರಣ್ಯ ಪ್ರದೇಶ, ತಿರುವುಗಳೂ ಕಡಿದು. ಹೆದ್ದಾರಿಯ ಮಾತಂತೂ ಬೇಡವೇ ಬೇಡ.

ನಡುಕ ಶುರುವಾದರೆ ಮೈ ಬಿಗಿಹಿಡಿಯಬೇಡಿ. ಮೊಣಕಾಲು ಬಗ್ಗಿಸಿ, ಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕಿ. ಹಿಂದಕ್ಕೆ ಒರಗಿದರೆ ನಡುಕ ಹೆಚ್ಚುತ್ತದೆ. ಭಾರ ಮುಂದಿದ್ದರೂ ಅದೇ ವೇಗದಲ್ಲಿ ಮತ್ತೆ ಮತ್ತೆ ನಡುಗಿದರೆ ಮೊದಲು ಹಿಂದಿನ ಬುಷ್ ಗಟ್ಟಿ ಮಾಡಿ, ಸಾಲದಿದ್ದರೆ ಹಿಂದಿನ ಕೋನ ಇಳಿಸಿ.

ಕೊಳ್ಳುವಾಗ

ಆಟಿಕೆ ಅಂಗಡಿಯ ಪೂರ್ತಿ ಬೋರ್ಡುಗಳಲ್ಲಿ ಟ್ರಕ್ಕಿನ ಕೋನ, ಅಗಲ ಎಲ್ಲೂ ಬರೆದಿರುವುದಿಲ್ಲ, ಬುಷ್ ಪ್ಲಾಸ್ಟಿಕ್ಕಿನಂತೆ ಬಿರುಸಾಗಿರುತ್ತದೆ. ಅಂಥದ್ದಕ್ಕೆ ಹೊಸ ಬುಷ್ ಹಾಕಿಯೂ ಪ್ರಯೋಜನವಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ನಾಲ್ಕು ವಿಷಯ ಬರೆದಿದೆಯೇ ನೋಡಿ: ಡಿಗ್ರಿ, ಹ್ಯಾಂಗರ್ ಅಗಲ, 8 ಮಿ.ಮೀ. ಆಕ್ಸಲ್, ಬುಷ್ಷಿನ ಗಡಸುತನ. ಆಕ್ಸಲ್ 8 ಮಿ.ಮೀ. ಇದ್ದರೆ ಬೇರಿಂಗ್ ಚಿಂತೆ ಇಲ್ಲ, 608 ಸಂಖ್ಯೆಯ ಬೇರಿಂಗನ್ನು ಊರಿನ ಬೇರಿಂಗ್ ಅಂಗಡಿಯಲ್ಲೇ ಕೇಳಬಹುದು. ಅಚ್ಚಿನಲ್ಲಿ ಎರಕ ಹೊಯ್ದ ಟ್ರಕ್ ಮೊದಲಿಗೆ ಸಾಕು. ಯಂತ್ರದಲ್ಲಿ ಕಡೆದ ದುಬಾರಿ ಟ್ರಕ್ಕಿನ ಬೆಲೆ ತಿಳಿಯುವುದು ಇಳಿಜಾರಿನಲ್ಲಿ ಚೆನ್ನಾಗಿ ಪಳಗಿದ ಮೇಲೆಯೇ.

ಹಳೆಯದನ್ನು ಕೊಳ್ಳುವುದಾದರೆ ಚಕ್ರ ಬಿಚ್ಚಿಸಿ, ಆಕ್ಸಲ್ ತುದಿಗಳನ್ನು ಗಾಜಿನ ಮೇಜಿನ ಅಂಚಿಗೆ ತಾಗಿಸಿ ಹ್ಯಾಂಗರನ್ನು ಉರುಳಿಸಿ ನೋಡಿ. ತುದಿ ಮೇಲೆ ಕೆಳಗೆ ಕುಣಿದರೆ ಆಕ್ಸಲ್ ಬಾಗಿದೆ. ಹ್ಯಾಂಗರಿನ ಮೂಗನ್ನು ಪಿವಟ್ ಕಪ್ಪಿನಲ್ಲಿ ಅಲ್ಲಾಡಿಸಿ, ಲೊಡಲೊಡ ಅಂದರೆ ಕಪ್ ಸವೆದಿದೆ. ಕಪ್ ಬದಲಿಸಬಹುದು, ಬಾಗಿದ ಆಕ್ಸಲಿನ ಟ್ರಕ್ಕನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.