ಒಂದೇ ಪುಟದಲ್ಲಿ ಮರವೂ ಹಕ್ಕಿಯೂ: ಕರಾವಳಿಯ ಜೌಗಿನಲ್ಲಿ ವಿದ್ಯಾರ್ಥಿಗಳೊಂದಿಗೆ ನನ್ನ ಅನುಭವ

ಕರಾವಳಿಯ ಜೌಗುಭೂಮಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ದಿನವನ್ನು ನಾನು ಶಾಲೆಯ ವೇಳಾಪಟ್ಟಿ ನೋಡಿ ಗೊತ್ತುಮಾಡುವುದಿಲ್ಲ. ಮೊದಲು ಉಬ್ಬರವಿಳಿತದ ಕೋಷ್ಟಕವನ್ನು ತೆರೆಯುತ್ತೇನೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಭರತದಿಂದ (ನೀರು ಪೂರ್ತಿ ತುಂಬುವ ಹೊತ್ತು) ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಂದು ಬೆಳಿಗ್ಗೆ ಎಂಟಕ್ಕೆ ತುಂಬಿದ ನೀರು ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ತುಂಬುತ್ತದೆ. ಒಂದು ವಾರ ಬಿಟ್ಟು ಅದೇ ಗಂಟೆಗೆ ಹೋದರೆ, ಹಿಂದಿನ ಸಲ ನೀರು ತುಂಬಿದ್ದ ಜಾಗದಲ್ಲಿ ಕೆಸರು ಕಾಣುತ್ತದೆ, ಕೆಸರಿದ್ದ ಕಡೆ ನೀರು ನಿಂತಿರುತ್ತದೆ. ಗಡಿಯಾರವನ್ನು ನಂಬಿ ‘ಈ ವಾರ ಹಕ್ಕಿಗಳು ಕಡಿಮೆಯಾಗಿವೆ’ ಎಂದು ಬರೆದುಕೊಂಡು ಬಂದರೆ, ಆ ವಾಕ್ಯ ಹಕ್ಕಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ನಮ್ಮ ದಾಖಲೆಯಲ್ಲಿ ಗಂಟೆಯ ಪಕ್ಕದಲ್ಲಿಯೇ ‘ಭರತವಾಗಿ ಎರಡು ಗಂಟೆಯ ನಂತರ’, ‘ಇಳಿತಕ್ಕೆ ಒಂದು ಗಂಟೆ ಮುಂಚೆ’ ಎಂಬ ನಮೂದು ಕಡ್ಡಾಯ.

ಇಂತಹ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಮರಗಳಿಗೊಂದು ತಂಡ, ಹಕ್ಕಿಗಳಿಗೊಂದು ತಂಡ ಎಂದು ತರಗತಿಯನ್ನು ಎರಡಾಗಿ ಒಡೆಯುತ್ತಾರೆ. ಅದು ಅನುಕೂಲಕರವೇ, ಆದರೆ ಜೌಗಿನಲ್ಲಿ ಅದರಿಂದ ಮುಖ್ಯವಾದ ಸಂಗತಿಯೇ ಕೈತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮರದ ಬೇರು ಎಷ್ಟು ಹೊತ್ತು ನೀರಿನಲ್ಲಿರುತ್ತದೆ ಎಂಬುದನ್ನೂ ಹಕ್ಕಿಗೆ ಮೇಯಲು ಎಷ್ಟು ಹೊತ್ತು ಕೆಸರು ಸಿಗುತ್ತದೆ ಎಂಬುದನ್ನೂ ತೀರ್ಮಾನಿಸುವುದು ಅದೇ ನೀರು. ಹಾಗಾಗಿ ನಾನು ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಪುಟ ಕೊಡುತ್ತೇನೆ: ಎಡಗಡೆ ಸಮಯ ಮತ್ತು ನೀರಿನ ಸ್ಥಿತಿ, ನಡುವೆ ಹಕ್ಕಿ, ಬಲಗಡೆ ಮರ.

ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ, ಭರತವು ಬೆಳಗಿನ ಹೊತ್ತಿಗೆ ಬೀಳುವಂತಿದ್ದರೆ, ಕೆಲಸ ಚೆನ್ನಾಗಿ ಸಾಗುತ್ತದೆ. ನೀರು ಪೂರ್ತಿ ತುಂಬಿದಾಗ ಮೇವಿನ ಕೆಸರೆಲ್ಲ ಮುಳುಗಿ, ಹಕ್ಕಿಗಳು ಉಳಿದ ಕೆಲವೇ ಒಣ ತಾಣಗಳಲ್ಲಿ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ಆಗ ಒಡ್ಡಿನ ಮೇಲಿಂದಲೇ ಎಣಿಕೆ ಮಾಡುತ್ತೇವೆ. ನೀರು ಇಳಿಯತೊಡಗಿದಂತೆ ಹಕ್ಕಿಗಳು ಅದರ ಅಂಚನ್ನೇ ಹಿಂಬಾಲಿಸಿ ಮೇಯುತ್ತವೆ; ಮೊದಲ ಒಂದೆರಡು ಗಂಟೆ ಅವು ಸಾಕಷ್ಟು ಹತ್ತಿರವಿರುವುದರಿಂದ ಮೇಯುವ ಬಗೆಯನ್ನು ನೋಡಲು ಅದೇ ಸರಿಯಾದ ಹೊತ್ತು. ಅವು ದೂರ ಸರಿದ ಮೇಲೆ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ನಡುವೆ ಇಳಿಯುತ್ತೇವೆ, ಮತ್ತು ನೀರು ಮರಳುವ ಮುನ್ನವೇ ಹೊರಬರುತ್ತೇವೆ. ಈ ಕೊನೆಯ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಹಕ್ಕಿಗಳ ಹೆಸರಿನಿಂದ ನಾನು ಪಾಠ ಆರಂಭಿಸುವುದಿಲ್ಲ. ಚಳಿಗಾಲದ ಪುಕ್ಕದಲ್ಲಿರುವ ದಡದ ಹಕ್ಕಿಗಳು ಬಹುತೇಕ ಬೂದು, ಕಂದು, ಬಿಳಿ. ಹೆಸರು ಹುಡುಕಲು ಹೊರಟ ಹೊಸಬರು ಅರ್ಧ ಗಂಟೆಯಲ್ಲಿ ಸೋತು ಕೂರುತ್ತಾರೆ. ಅದರ ಬದಲು ‘ಅದು ಹೇಗೆ ತಿನ್ನುತ್ತಿದೆ?’ ಎಂದು ಕೇಳುತ್ತೇನೆ. ಪ್ಲೋವರ್ ಜಾತಿಯ ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ನೋಡುತ್ತದೆ, ಕುಕ್ಕುತ್ತದೆ. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕಣ್ಣೇ ಅದರ ಬೇಟೆಯ ಸಾಧನ. ಗೊರವದ ಬಳಗದ ಅನೇಕ ಹಕ್ಕಿಗಳು ನಡೆಯುತ್ತಲೇ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಿರುತ್ತವೆ. ಕೊಕ್ಕಿನ ತುದಿಯಲ್ಲಿರುವ ಸ್ಪರ್ಶಗ್ರಾಹಿಗಳು ಕಾಣದ ಹುಳುವನ್ನು ಪತ್ತೆಹಚ್ಚುತ್ತವೆ. ಇಷ್ಟು ತಿಳಿದರೆ ಎದುರಿನ ಗುಂಪು ಅರ್ಧಕ್ಕರ್ಧ ವಿಂಗಡವಾಗುತ್ತದೆ. ಅನಂತರ ಕೆಂಪು ಕಾಲು ಮತ್ತು ಹಾರುವಾಗ ರೆಕ್ಕೆಯ ಹಿಂಬದಿಯಲ್ಲಿ ಕಾಣುವ ಬಿಳಿ ಪಟ್ಟಿಯಿಂದ ರೆಡ್‌ಶ್ಯಾಂಕ್ ಅನ್ನು, ನೆತ್ತಿಯ ಪಟ್ಟೆಗಳಿಂದ ವಿಂಬ್ರೆಲ್ ಅನ್ನು, ಮೇಲಕ್ಕೆ ಬಾಗಿದ ಕೊಕ್ಕಿನಿಂದ ಟೆರೆಕ್ ಗೊರವವನ್ನು ಗುರುತಿಸುವುದು ಕಷ್ಟವಾಗುವುದಿಲ್ಲ. ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ನಾವೆಲ್ಲ ಕರೆಯುತ್ತಿದ್ದ ಹಕ್ಕಿಯನ್ನು ತಜ್ಞರು ಈಚೆಗೆ ಸೈಬೀರಿಯನ್ ಮತ್ತು ಟಿಬೆಟನ್ ಎಂದು ಎರಡು ಪ್ರಭೇದಗಳಾಗಿ ಬೇರ್ಪಡಿಸಿದ್ದಾರೆ. ಚಳಿಗಾಲದಲ್ಲಿ ಅವುಗಳ ವ್ಯತ್ಯಾಸ ಹಿಡಿಯುವುದು ಅನುಭವಿಗಳಿಗೂ ದುಸ್ತರ. ಅಂತಹ ಕಡೆ ‘ಸ್ಯಾಂಡ್ ಪ್ಲೋವರ್, ಪ್ರಭೇದ ನಿಶ್ಚಿತವಿಲ್ಲ’ ಎಂದು ಬರೆದವರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಒಂದೇ ಹಕ್ಕಿಯನ್ನು ಒಂದು ನಿಮಿಷ ಬಿಡದೆ ನೋಡುವ ಅಭ್ಯಾಸದಿಂದ ಹೆಚ್ಚಿನ ಫಲ ಸಿಕ್ಕಿದೆ. ಒಬ್ಬರು ಬೈನಾಕ್ಯುಲರ್‌ನಲ್ಲಿ ನೋಡುತ್ತ ‘ಕುಕ್ಕಿತು’, ‘ನುಂಗಿತು’ ಎಂದು ಹೇಳುತ್ತಾರೆ, ಜೊತೆಗಾರರು ಗಡಿಯಾರ ನೋಡಿ ಗೆರೆ ಹಾಕುತ್ತಾರೆ. ಹೀಗೆ ನೋಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಥಟ್ಟನೆ, “ಸರ್, ಅದು ಎಳೆಯುವುದನ್ನು ನಿಲ್ಲಿಸಿಬಿಟ್ಟಿತು!” ಎಂದಳು. ಪ್ಲೋವರ್ ಹುಳುವಿನ ತುದಿಯನ್ನು ಹಿಡಿದು, ಅದು ಬಿಗಿಯಾಗುವವರೆಗೆ ಎಳೆದು, ಹಾಗೆಯೇ ಕ್ಷಣಕಾಲ ತಡೆದು, ಹುಳುವಿನ ಪಟ್ಟು ಸಡಿಲವಾದಾಗ ಮತ್ತೆ ಹಿಂದೆ ವಾಲಿ ಎಳೆಯಿತು. ಒಮ್ಮೆಗೇ ಜಗ್ಗಿದ್ದರೆ ಹುಳು ತುಂಡಾಗಿ ಅರ್ಧ ಬಿಲದಲ್ಲೇ ಉಳಿಯುತ್ತಿತ್ತು. ಅವಳು ಅದನ್ನು ಮೂರು ಪುಟ್ಟ ಚಿತ್ರಗಳಾಗಿ ಬಿಡಿಸಿಟ್ಟಳು. ಆ ಪುಟ ನೂರು ಹೆಸರುಗಳ ಪಟ್ಟಿಗಿಂತ ಬೆಲೆಯುಳ್ಳದ್ದು.

ಎಣಿಕೆಗೆ ನಾವು ಅನುಸರಿಸುವುದು ಹಳೆಯ ವಿಧಾನ. ಗುಂಪಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿಗೆ ಹತ್ತಿಸಿಕೊಂಡು, ಅದೇ ಅಳತೆಯಲ್ಲಿ ಗುಂಪಿನ ಉದ್ದಕ್ಕೂ ಸಾಗುವುದು. ಇಬ್ಬರು ಪರಸ್ಪರ ಹೇಳಿಕೊಳ್ಳದೆ ಎಣಿಸುತ್ತಾರೆ, ಎರಡೂ ಸಂಖ್ಯೆಗಳು ಪುಟದಲ್ಲಿ ಉಳಿಯುತ್ತವೆ. ಅಷ್ಟು ಶಿಸ್ತು ಏಕೆಂದು ಕೇಳಿದಾಗ ನಾನು ಜೌಗುಭೂಮಿಗಳ ರಕ್ಷಣೆಗಾಗಿರುವ ರಾಮ್ಸರ್ ಒಪ್ಪಂದದ ಮಾತು ತೆಗೆಯುತ್ತೇನೆ. 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಅಂಗೀಕೃತವಾದ ಆ ಒಪ್ಪಂದದಡಿ, ಒಂದು ಜೌಗು 20,000 ಅಥವಾ ಅದಕ್ಕಿಂತ ಹೆಚ್ಚು ನೀರುಹಕ್ಕಿಗಳಿಗೆ ನಿಯತವಾಗಿ ಆಸರೆಯಾಗಿದ್ದರೆ, ಅಥವಾ ಯಾವುದೇ ನೀರುಹಕ್ಕಿಯ ಒಂದು ಸಮುದಾಯದ ಶೇಕಡಾ 1ರಷ್ಟು ಅಲ್ಲಿ ನಿಯತವಾಗಿ ಸೇರುತ್ತಿದ್ದರೆ, ಅದನ್ನು ಅಂತರರಾಷ್ಟ್ರೀಯ ಮಹತ್ವದ್ದೆಂದು ಪರಿಗಣಿಸಬಹುದು. ಆ ಸಂಖ್ಯೆಗಳು ಎಲ್ಲಿಂದ ಬರಬೇಕು? 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದು ಬಹುಮಟ್ಟಿಗೆ ಸ್ವಯಂಸೇವಕರಿಂದಲೇ.

ಹಕ್ಕಿಗೆ ಎಷ್ಟು ಹತ್ತಿರ ಹೋಗಬಹುದು ಎಂಬುದಕ್ಕೆ ಮೀಟರಿನ ಲೆಕ್ಕ ನಾನು ಕೊಡುವುದಿಲ್ಲ. ಮೇಯುತ್ತಿದ್ದವು ತಲೆಯೆತ್ತಿ ನಿಂತರೆ ನಾವು ಆಗಲೇ ಅತಿ ಹತ್ತಿರ ಬಂದಿದ್ದೇವೆ. ಅಲ್ಲೇ ನಿಂತು, ಎರಡು ಹೆಜ್ಜೆ ಹಿಂದೆ ಸರಿಯಬೇಕು. 2022ರ ಅಕ್ಟೋಬರಿನಲ್ಲಿ, ಹುಟ್ಟಿ ಸುಮಾರು ಐದು ತಿಂಗಳಾಗಿದ್ದ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ದಡದ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಸುಮಾರು 13,560 ಕಿಲೋಮೀಟರ್ ಹಾರಿದ್ದು ಉಪಗ್ರಹ ಸಾಧನದಿಂದ ದಾಖಲಾಯಿತು. ಅಂತಹ ಪ್ರಯಾಣದ ಇಂಧನ ಕೆಸರಿನಲ್ಲಿ ಹೆಕ್ಕಿದ ಕೊಬ್ಬೇ. ಒಂದು ಫೋಟೋಗಾಗಿ ಗುಂಪನ್ನು ಎಬ್ಬಿಸುವವರಿಗೆ ನಾನು ಇದಕ್ಕಿಂತ ಹೆಚ್ಚು ಬುದ್ಧಿ ಹೇಳಿದ್ದಿಲ್ಲ.

ಮರಗಳ ಕಡೆಗೆ ಬಂದರೆ, ಹೆಸರಿಗಿಂತ ಮೊದಲು ಬೇರನ್ನು ನೋಡಬೇಕು. ಕೆಸರಿನಲ್ಲಿ ಪೆನ್ಸಿಲ್‌ಗಳನ್ನು ನೆಟ್ಟಂತೆ ಮೇಲೆದ್ದ ಉಸಿರಾಟದ ಬೇರುಗಳಿದ್ದರೆ ಬಹುಶಃ ಅವಿಸೆನಿಯಾ. ಕಾಂಡದಿಂದ ಕಮಾನಾಗಿ ಇಳಿದು ಊರಿ ನಿಂತ ಬೇರುಗಳಿದ್ದರೆ ರೈಜೋಫೋರಾ. ಮಂಡಿ ಮಡಿಚಿದ ಹಾಗೆ ಬೇರು ಮೇಲೆದ್ದು ಮತ್ತೆ ಇಳಿದಿದ್ದರೆ ಬ್ರುಗೀರಾ. ಒಣ ದಿನ ಅವಿಸೆನಿಯಾದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಉಪ್ಪಿನ ಹರಳುಗಳು ಹೊಳೆಯುತ್ತವೆ, ಎಲೆಯಲ್ಲಿರುವ ಗ್ರಂಥಿಗಳು ಹೊರಹಾಕಿದ ಉಪ್ಪು ಅದು. ರೈಜೋಫೋರಾದ ಎಲೆಯಲ್ಲಿ ಅದು ಕಾಣುವುದಿಲ್ಲ, ಏಕೆಂದರೆ ಅದು ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಸುತ್ತಳತೆಯನ್ನು ಸಾಮಾನ್ಯವಾಗಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ರೂಢಿ. ರೈಜೋಫೋರಾದಲ್ಲಿ ಆ ಎತ್ತರದಲ್ಲಿ ಬೇರುಗಳೇ ಇರಬಹುದಾದ್ದರಿಂದ, ಎಲ್ಲಕ್ಕಿಂತ ಮೇಲಿನ ಬೇರಿನಿಂದ 30 ಸೆಂಟಿಮೀಟರ್ ಮೇಲೆ ಟೇಪು ಸುತ್ತುತ್ತೇವೆ. ಎಕ್ಸೊಕೇರಿಯಾ ಎಂಬ ಮರವಿರುವ ಕಡೆ ರೆಂಬೆ ಮುರಿಯಬಾರದೆಂದು ಮೊದಲೇ ಎಚ್ಚರಿಸುತ್ತೇನೆ. ಅದರ ಹಾಲು ಕಣ್ಣಿಗೆ ತಾಗಿದರೆ ಅಪಾಯ.

ಒಂದೇ ಪುಟದ ಪದ್ಧತಿಯ ಪ್ರಯೋಜನ ತಿಳಿದದ್ದು ಭರತದ ಹೊತ್ತಿನ ಎಣಿಕೆಗಳಲ್ಲಿ. ವಿಂಬ್ರೆಲ್, ಟೆರೆಕ್ ಗೊರವ, ರೆಡ್‌ಶ್ಯಾಂಕ್‌ಗಳು ಕಾಂಡ್ಲದ ಕೊಂಬೆ, ಬೇರುಗಳ ಮೇಲೆಯೇ ಕುಳಿತಿದ್ದವು. ಸ್ಯಾಂಡ್ ಪ್ಲೋವರ್ ಮತ್ತು ಸ್ಟಿಂಟ್‌ಗಳು ಮರಗಳಿಂದ ದೂರದ ಬಟ್ಟಬಯಲಿನಲ್ಲಿ ನಿಂತಿದ್ದವು. ಮರದ ಮರೆಯಿಂದ ಗಿಡುಗ ಎರಗಬಹುದಾದ್ದರಿಂದ ಸುತ್ತಲೂ ಕಣ್ಣು ಹಾಯುವ ಜಾಗವೇ ಈ ಸಣ್ಣ ಹಕ್ಕಿಗಳಿಗೆ ಬೇಕು. ಕೆಲವಕ್ಕೆ ಮರವೇ ಆಸರೆ, ಕೆಲವಕ್ಕೆ ಮರವಿಲ್ಲದಿರುವುದೇ ಆಸರೆ ಎಂಬುದನ್ನು ವಿದ್ಯಾರ್ಥಿಗಳು ನಾನು ಹೇಳದೆಯೇ ತಮ್ಮ ಪುಟದ ಎರಡು ಅಂಕಣಗಳನ್ನು ಹೋಲಿಸಿ ಕಂಡುಕೊಂಡರು.

ಇದರಿಂದಾಗಿ ಕೆಸರುಬಯಲಿನಲ್ಲಿ ಕಾಂಡ್ಲ ಸಸಿ ನೆಡುವ ಕಾರ್ಯಕ್ರಮಗಳಿಗೆ ತರಗತಿಯನ್ನು ಕಳುಹಿಸುವ ಮೊದಲು ನಾನು ಈಗ ಹಲವು ಪ್ರಶ್ನೆ ಕೇಳುತ್ತೇನೆ. ಕಾಂಡ್ಲ ನಾಶವಾದ ಜಾಗದಲ್ಲಿ ಅದನ್ನು ಮರಳಿ ಬೆಳೆಸುವುದು ಒಳ್ಳೆಯ ಕೆಲಸವೇ. ಆದರೆ ದಿನದ ಬಹುಪಾಲು ನೀರಿನಡಿ ಇರುವ ತಗ್ಗಿನ ಬಯಲು ಎಂದೂ ಕಾಡಾಗಿರಲಿಲ್ಲ, ಅಲ್ಲಿ ನೆಟ್ಟ ಸಸಿಗಳು ಹೆಚ್ಚಾಗಿ ಸಾಯುತ್ತವೆ, ಬದುಕಿದರೆ ಹಕ್ಕಿಗಳ ಮೇವಿನ ನೆಲವನ್ನು ಮುಚ್ಚುತ್ತವೆ. ಖಾಲಿಯಾಗಿ ಕಾಣುವ ಕೆಸರು ಖಾಲಿಯಲ್ಲ ಎಂಬುದನ್ನು ತೋರಿಸಲು ಒಂದು ಹಿಡಿ ಕೆಸರನ್ನು ಜರಡಿಯಲ್ಲಿ ತೊಳೆದರೆ ಸಾಕು: ಹುಳು, ಚಿಕ್ಕ ಚಿಪ್ಪು, ಏಡಿಮರಿ ಉಳಿಯುತ್ತವೆ.

ಈಗ ನಮ್ಮ ತರಗತಿ ಕೈಗೆತ್ತಿಕೊಂಡಿರುವ ಪ್ರಶ್ನೆ ಕಾಂಡ್ಲದ ಅಂಚು ಬಯಲಿನತ್ತ ಸರಿಯುತ್ತಿದೆಯೇ ಎಂಬುದು. ಅಂಚಿನಲ್ಲಿ ಗೂಟಗಳನ್ನು ನೆಟ್ಟು, ಪ್ರತಿ ಗೂಟದಿಂದ ಅತ್ಯಂತ ಹೊರಗಿನ ಸಸಿಯವರೆಗಿನ ದೂರವನ್ನು ಅಳೆದು, ಅದೇ ಗೂಟದ ಬಳಿಯಿಂದ ಒಂದೇ ದಿಕ್ಕಿಗೆ ಫೋಟೋ ತೆಗೆದು, ಎದುರಿನ ಕೆಸರಿನಲ್ಲಿರುವ ಹಕ್ಕಿಗಳನ್ನು ಎಣಿಸುತ್ತಾರೆ. ಪುಟಗಳು ವಿದ್ಯಾರ್ಥಿಗಳ ಮನೆಗೆ ಹೋಗುವುದಿಲ್ಲ, ಕಪಾಟಿನಲ್ಲಿಯೇ ಉಳಿಯುತ್ತವೆ. ಮುಂದಿನ ವರ್ಷದ ತಂಡ ಅವೇ ಗೂಟಗಳಿಂದ, ನೀರಿನ ಅದೇ ಸ್ಥಿತಿಯಲ್ಲಿ, ಮತ್ತೆ ಅಳೆಯಬೇಕು.