ಕಾರ್ಖಾನೆ ಕೈ ಬದಲಾದಾಗ ಸೇವಾವಧಿ ಉಳಿಸಿಕೊಂಡ ಬಗೆ

ನಮ್ಮ ಘಟಕದ ಮಾರಾಟ ಖಚಿತವಾದ ಮೇಲೆ ಆಡಳಿತದವರು ಪ್ರತಿಯೊಬ್ಬರ ಮುಂದೆ ಎರಡು ಕಾಗದ ಇಟ್ಟರು. ಒಂದು ರಾಜೀನಾಮೆ, ಇನ್ನೊಂದು ಹೊಸ ಕಂಪನಿಯ ನೇಮಕಾತಿ ಪತ್ರ. ಅದೇ ಸಂಬಳ, ಅದೇ ಪಾಳಿ, ಅದೇ ಯಂತ್ರ, ಸಹಿ ಹಾಕಿದರೆ ಮುಗಿಯಿತು ಎಂದರು. ಸಂಘದ ಕಾರ್ಯದರ್ಶಿಯಾಗಿದ್ದ ನಾನು ಯಾರೂ ಸಹಿ ಹಾಕಬೇಡಿ ಎಂದು ಬೇಡಿಕೊಂಡೆ.

ರಾಜೀನಾಮೆ ಕೊಟ್ಟವನು ತಾನಾಗಿ ಕೆಲಸ ಬಿಟ್ಟವನಾಗುತ್ತಾನೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್‌ಎಫ್ ಕಲಮಿನ ಪ್ರಕಾರ, ಉದ್ಯಮ ಕೈ ಬದಲಾದರೆ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನಿಗೆ ಉದ್ಯೋಗ ಕಡಿತಕ್ಕೆ ಒಳಗಾದವನಂತೆಯೇ ನೋಟಿಸ್ ಮತ್ತು ಪರಿಹಾರ ಸಲ್ಲಬೇಕು. ಅದನ್ನು ತಪ್ಪಿಸಬೇಕಾದರೆ ಮೂರು ಷರತ್ತುಗಳೂ ಒಟ್ಟಿಗೆ ಈಡೇರಬೇಕು: ಸೇವೆ ತುಂಡಾಗಬಾರದು, ಸೇವಾ ಷರತ್ತುಗಳು ಮೊದಲಿಗಿಂತ ಕಡಿಮೆಯಾಗಬಾರದು, ಮುಂದೆ ಉದ್ಯೋಗ ಕಡಿತ ಮಾಡಿದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕರ ಮೇಲಿರಬೇಕು. ಆಡಳಿತದವರು ಮೊದಲೆರಡನ್ನು ಬಾಯಲ್ಲಿ ಹೇಳುತ್ತಿದ್ದರು. ಮೂರನೆಯದರ ಸುದ್ದಿಯೇ ಇರಲಿಲ್ಲ.

ಆ ಮೂರನೆಯದರಲ್ಲೇ ಹಣವಿದೆ. ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಆರು ತಿಂಗಳು ಮೀರಿದ ಭಾಗವೂ ಒಂದು ವರ್ಷವೇ. 11 ವರ್ಷ 7 ತಿಂಗಳು ದುಡಿದವನಿಗೆ 12 ವರ್ಷದ ಲೆಕ್ಕ, ಅಂದರೆ 180 ದಿನಗಳ ವೇತನ. ಹೊಸ ನೇಮಕಾತಿ ಪತ್ರಕ್ಕೆ ಒಪ್ಪಿದರೆ ಅವನು ಇಂದು ಸೇರಿದವನು. ಐದು ವರ್ಷ ತುಂಬದವರ ಗ್ರಾಚ್ಯುಟಿಗೂ ಅದೇ ಗತಿ.

ನಾನು ಮೊದಲು ಹಾಜರಿ ಪುಸ್ತಕ, ಸಂಬಳದ ಚೀಟಿ, ಪಿಎಫ್ ದಾಖಲೆ ತಾಳೆ ನೋಡಿ ಎಲ್ಲರ ಸೇರ್ಪಡೆ ದಿನಾಂಕದ ಪಟ್ಟಿ ಮಾಡಿದೆ. ಬೇಸರದ ಕೆಲಸ, ಆದರೆ ಮಾತುಕತೆಯುದ್ದಕ್ಕೂ ಕೈಹಿಡಿದದ್ದು ಅದೇ. ಬಳಿಕ ಕಾರ್ಮಿಕ ಇಲಾಖೆಗೆ ವಿವಾದ ಒಯ್ದೆವು. ನೇರವಾಗಿ ಕುಳಿತು ಒಪ್ಪಂದ ಮಾಡಿಕೊಳ್ಳೋಣ ಎಂದು ಆಡಳಿತ ಕರೆದರೂ ನಾನು ಒಪ್ಪಲಿಲ್ಲ. ಅಂಥ ಒಪ್ಪಂದಕ್ಕೆ ಸಹಿ ಹಾಕಿದವರಷ್ಟೇ ಬದ್ಧರಾಗುತ್ತಿದ್ದರು. ಅದೇ ಕಾಯ್ದೆಯ 12(3) ಕಲಮಿನಡಿ ಸಂಧಾನಾಧಿಕಾರಿಯ ಎದುರು ಆದ ಒಪ್ಪಂದವಾದರೆ ಮಾಲೀಕನ ಉತ್ತರಾಧಿಕಾರಿಗಳನ್ನೂ ಕಟ್ಟಿಹಾಕುತ್ತಿತ್ತು. ಹೊಸ ಕಂಪನಿಯನ್ನೂ ಪಕ್ಷವಾಗಿ ಕರೆಸಿ, ಮೂರೂ ಷರತ್ತುಗಳನ್ನು ಬರೆಸಿ, ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿದೆವು. ಆಡಳಿತದವರು ರಾಜೀನಾಮೆ ಪತ್ರಗಳನ್ನು ಹಿಂದಕ್ಕೆ ಪಡೆದರು.

ಮೇಲ್ವಿಚಾರಕರ ಸಂಕಟ ಬೇರೆ. ನಿಗದಿತ ವೇತನ ಮಿತಿ ದಾಟಿದ ಅವರು ಕಾಯ್ದೆಯ ವ್ಯಾಖ್ಯೆಯಲ್ಲಿ ಕಾರ್ಮಿಕರಲ್ಲ, ಈ ರಕ್ಷಣೆ ಅವರಿಗಿಲ್ಲ. ಹಿಂದಿನ ಸೇವೆಯನ್ನು ಮಾನ್ಯ ಮಾಡುವ ಪತ್ರವನ್ನು ಹೊಸ ಕಂಪನಿಯಿಂದ ಒಬ್ಬೊಬ್ಬರಿಗೂ ಬೇರೆಯಾಗಿ ಕೊಡಿಸಿದೆವು. ಅದಕ್ಕಾಗಿ ಹೆಚ್ಚು ಕಾದಾಡಬೇಕಾಯಿತು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಸ್ತಾಂತರದ ಆ ಮೂರು ಷರತ್ತುಗಳು ಅದರಲ್ಲೂ ಇವೆ. ನಮ್ಮಲ್ಲಿ ಹೊಸ ಮಾಲೀಕರು ಮುಂದೆ ಒಂದು ವಿಭಾಗವನ್ನೇ ಮುಚ್ಚಿದಾಗ, ಹೊರಬಿದ್ದವರ ಪರಿಹಾರವನ್ನು ಅನುಬಂಧದ ಪಟ್ಟಿ ನೋಡಿಯೇ ಲೆಕ್ಕ ಹಾಕಬೇಕಾಯಿತು.