ಲಕ್ಕುಂಡಿ, ಡಂಬಳ: ಮೊದಲು ಬಾವಿ, ಆಮೇಲೆ ಗುಡಿ

ಹುಬ್ಬಳ್ಳಿಯಿಂದ ಹಂಪಿಗೆ ಕಾರಿನಲ್ಲಿ ಹೊರಟವರು ಗದಗ ದಾಟಿದ ಮೇಲೆ ಲಕ್ಕುಂಡಿಯಲ್ಲಿ ಒಂದರ್ಧ ಗಂಟೆ ನಿಲ್ಲಿಸುತ್ತಾರೆ. ಕಾಶಿವಿಶ್ವನಾಥ ಗುಡಿ ಮುಂದೆ ನಾಲ್ಕು ಫೋಟೊ, ಒಂದು ಚಹಾ, ಮುಂದೆ ಹಂಪಿ. ತಪ್ಪೇನಿಲ್ಲ. ಆದರೆ ಊರಿರುವುದು ಗುಡಿಯ ಕಾಂಪೌಂಡಿನ ಹೊರಗೆ. ಓಣಿಯಲ್ಲಿ, ಹಿತ್ತಲಲ್ಲಿ, ಬಾವಿಯ ಮೆಟ್ಟಿಲ ಮೇಲೆ. ರಜೆ ಸಿಕ್ಕಾಗ ಗದಗಿನ ಸುತ್ತಮುತ್ತಲ ಹಳೆ ಊರುಗಳಿಗೆ ಹೋಗಿ ಸುಮ್ನೆ ಅಡ್ಡಾಡುವುದು ನನಗೆ ಹತ್ತಿದ ಚಟ. "ಹೆಂಗ ನೋಡಬೇಕು, ಎಲ್ಲಿಂದ ಶುರು ಮಾಡಬೇಕು?" ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಳಿದುಕೊಳ್ಳುವುದು ಗದಗಿನಲ್ಲಿ. ಲಾಡ್ಜು ಇದೆ, ಖಾನಾವಳಿ ಇದೆ, ಹಳ್ಳಿಗಳಿಗೆ ಬಸ್ಸಿದೆ. ಲಕ್ಕುಂಡಿ ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರ್. ಬೆಳಿಗ್ಗೆ ಬೇಗ ಬಸ್ ಹತ್ತುತ್ತೇನೆ. ಬಸ್ಸಿಳಿದು ನಡೆಯುವವನನ್ನು ಊರಿನವರು ನಿಲ್ಲಿಸಿ ಮಾತಾಡಿಸುತ್ತಾರೆ. ಕಾರಿನಿಂದ ಇಳಿದವನಿಗೆ ಗುಡಿಯ ದಾರಿ ತೋರಿಸಿ ಸುಮ್ಮನಾಗುತ್ತಾರೆ.

ಇಳಿದ ಕೂಡಲೇ ಗುಡಿ ಹುಡುಕುವುದಿಲ್ಲ, ನೀರು ಹುಡುಕುತ್ತೇನೆ. ಇದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಕೆರೆ, ಬಾವಿ ಇಲ್ಲದಿದ್ದರೆ ಇಲ್ಲಿ ಅಷ್ಟು ದೊಡ್ಡ ಊರು ಬೆಳೆಯುತ್ತಲೇ ಇರಲಿಲ್ಲ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವು ಅಂತ ಜನ ಹೇಳುತ್ತಾರೆ. ಲೆಕ್ಕ ಏನೇ ಇರಲಿ, ಕನ್ನೇರ ಬಾವಿ, ಛಬ್ಬೇರ ಬಾವಿ, ಮುಸುಕಿನ ಬಾವಿ ನೋಡಿದರೆ ಮಾತು ಸುಳ್ಳಲ್ಲ ಅನಿಸುತ್ತದೆ.

ಮುಸುಕಿನ ಬಾವಿ ಇರುವುದು ಮಾಣಿಕೇಶ್ವರ ಗುಡಿಯ ಎದುರಿಗೆ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಇಳಿಯುತ್ತಾ ಹೋದಂತೆ ಅಕ್ಕಪಕ್ಕದಲ್ಲಿ ಪುಟ್ಟ ಪುಟ್ಟ ಗೂಡುಗಳು, ಒಂದೊಂದೂ ಗುಡಿಯ ಆಕಾರದಲ್ಲೇ ಇದೆ. ದೇವರನ್ನು ನೋಡಲು ಬಂದವರಿಗಿಂತ ಕೊಡ ಹಿಡಿದು ಬಂದವರ ಕಣ್ಣಿಗೇ ಈ ಕೆತ್ತನೆ ಜಾಸ್ತಿ ಬಿದ್ದಿರಬೇಕು, ಅಲ್ವಾ? ಅವಸರ ಮಾಡದೆ ಮೇಲಿನ ಮೆಟ್ಟಿಲ ಮೇಲೆ ಕೂತು ನೋಡಿ. ನೀರಿದ್ದಾಗ ಪಾಚಿ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಗುಡಿಗಳಿಗೆ ಹೋಗುವುದು ಆಮೇಲೆ. ಬ್ರಹ್ಮ ಜಿನಾಲಯ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯ ದಾನದ ಮಾತು ಹೇಳುವ ಇಲ್ಲಿನ ಶಾಸನ 1007ರದು. ಪೊನ್ನ ಕವಿಯ ಕಾವ್ಯವೊಂದನ್ನು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದವಳೂ ಇವಳೇ. ಅಚ್ಚುಕೂಟ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆಗ ಲೊಕ್ಕಿಗುಂಡಿ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ನಾಣ್ಯ ಹೊಡೆಯುವ ಟಂಕಸಾಲೆಯೂ ಇತ್ತು. ಮುಂದೆ ಹೊಯ್ಸಳರ ಇಮ್ಮಡಿ ಬಲ್ಲಾಳ ಇಲ್ಲಿ ಬಂದು ನೆಲೆ ನಿಂತ. ಈಗ ನೋಡಿದರೆ ದನ ಕಟ್ಟಿದ ಹಿತ್ತಲು, ಜೋಳ ಒಣಗಿಸಿದ ಅಂಗಳ.

ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಇಲ್ಲಿನವು ಬಳಪದ ಕಲ್ಲಿನವು. ಈ ಕಲ್ಲು ಮೆತ್ತಗೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದಲ್ಲಿ ಒಂದರ ಪಕ್ಕ ಒಂದು ಪಟ್ಟಿ, ಪ್ರತಿ ಪಟ್ಟಿಯಲ್ಲೂ ಬೇರೆ ಬಳ್ಳಿ, ಬೇರೆ ಹೂವು. ಒಳಗಿನ ಕಂಬಗಳು ತಿರುಗಣಿಗೆ ಹಾಕಿ ಕಡೆದಂಥವು. ಶಿವನ ಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಇದೆ, ಬಹಳ ಜನ ಅದಕ್ಕೆ ಬೆನ್ನು ಮಾಡಿಯೇ ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಸಿಲು ನೆತ್ತಿಗೆ ಬಂದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ, ಇಲ್ಲವೇ ಸಂಜೆ ಓರೆ ಬಿಸಿಲಿನಲ್ಲಿ ನೋಡಬೇಕು.

ಶಾಸನಕ್ಕೂ ಇದೇ ಮಾತು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಟಾರ್ಚ್ ಇರುತ್ತದೆ. ಅಕ್ಷರದ ಮೇಲೆ ನೇರವಾಗಿ ಬಿಟ್ಟರೆ ಏನೂ ಕಾಣದು. ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಹಿಡಿದರೆ ಸವೆದ ಅಕ್ಷರಗಳೂ ಎದ್ದು ಬರುತ್ತವೆ. ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯುವವರಿದ್ದಾರೆ. ದಯವಿಟ್ಟು ಬೇಡ, ಕಲ್ಲು ಹಾಳಾಗುತ್ತದೆ.

ಹಳಗನ್ನಡ ಓದಲು ಬಾರದಿದ್ದರೂ ಕಲ್ಲಿನ ತಲೆಭಾಗ ಓದಬಹುದು. ಸೂರ್ಯ, ಚಂದ್ರ ಇದ್ದರೆ ಅವರಿರುವ ತನಕ ಈ ದತ್ತಿ ನಡೆಯಲಿ ಅಂತ. ನಡುವೆ ಲಿಂಗವಿದ್ದರೆ ಶಿವನ ಗುಡಿಗೆ ಕೊಟ್ಟದ್ದು, ಜಿನನಿದ್ದರೆ ಬಸದಿಗೆ. ಪಕ್ಕದಲ್ಲಿ ಹಸು, ಕರು, ಎಷ್ಟೋ ಸಲ ಕತ್ತಿ. ಕೊನೆಯ ಸಾಲುಗಳಲ್ಲಿ ಶಾಪ ಇರುತ್ತದೆ: ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸುಗಳನ್ನು ಕೊಂದ ಪಾಪ ಬರಲಿ ಎಂದು. ವೀರಗಲ್ಲನ್ನು ಕೆಳಗಿನಿಂದ ಮೇಲೆ ನೋಡಬೇಕು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಬಳೆ ತೊಟ್ಟು ಮಡಿಸಿದ ಕೈ ಮಾತ್ರ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತಿ ಹೋದವಳ ನೆನಪಿಗೆ ನಿಲ್ಲಿಸಿದ್ದು. ಇಷ್ಟು ಗೊತ್ತಿದ್ದರೆ ನಮ್ಮ ಯಾವ ಹಳ್ಳಿಗೆ ಹೋದರೂ ಬೇಜಾರಾಗುವುದಿಲ್ಲ.

ಇಂಥ ಕಲ್ಲುಗಳು ಎಷ್ಟೋ ಸಲ ಮನೆಯವರ ಜಾಗದಲ್ಲೇ ಇರುತ್ತವೆ. ಕೇಳದೆ ಒಳಗೆ ಕಾಲಿಡಬಾರದು. ಒಂದು ಸಲ ಕಟ್ಟೆ ಮೇಲೆ ಕೂತಿದ್ದ ಅಜ್ಜಿಯನ್ನು, "ಯವ್ವಾ, ಹಿತ್ತಲದಾಗಿನ ಕಲ್ಲು ನೋಡ್ಲಿ?" ಅಂತ ಕೇಳಿದೆ.

"ಅದರಾಗೇನ ನೋಡ್ತಿ ಯಪ್ಪಾ, ನಾವು ಅದರ ಮ್ಯಾಲ ಹಾಸಿಗಿ ಒಗೀತಿದ್ವಿ. ಬಾ, ಮೊದಲ ನೀರ ಕುಡಿ."

ನೀರು ಕುಡಿದು, ಯಾವ ಊರು, ಯಾರ ಪೈಕಿ ಎಂಬುದೆಲ್ಲ ಮುಗಿದ ಮೇಲೆಯೇ ಕಲ್ಲು. ಅಲ್ಲಿಂದ ಆಕೆಯ ಮೊಮ್ಮಗನೇ ಮುಂದಿನ ಓಣಿಗೆ ಕರೆದುಕೊಂಡು ಹೋದ. ನಕ್ಷೆಯಲ್ಲಿ ಇಲ್ಲದ ಗುಡಿ ನನಗೆ ಸಿಗುವುದು ಹೀಗೆಯೇ. ಕ್ಯಾಮೆರಾ ಹೊರಗೆ ತೆಗೆಯುವುದು ಮಾತಾದ ಮೇಲೆ.

ಡಂಬಳಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಗದಗಿನಿಂದ ಮುಂಡರಗಿ ಕಡೆ, ಕಪ್ಪತಗುಡ್ಡದ ಮಗ್ಗುಲಿನ ಊರು. ದೊಡ್ಡಬಸಪ್ಪ ಗುಡಿಯ ಗರ್ಭಗುಡಿ ಹೊರಗಿನಿಂದ 24 ಮೂಲೆಯ ನಕ್ಷತ್ರ. ಗೋಡೆಯುದ್ದಕ್ಕೂ ನಡೆದರೆ ಮಡಚಿಟ್ಟ ಸೀರೆಯ ನೆರಿಗೆ ಎಣಿಸಿದಂತೆ ಆಗುತ್ತದೆ, ನಾನಂತೂ ಪ್ರತಿ ಸಲ ಲೆಕ್ಕ ತಪ್ಪುತ್ತೇನೆ. ಇದೇ ಊರಿನ 1095ರ ಶಾಸನದಲ್ಲಿ ಬೌದ್ಧ ವಿಹಾರದ, ತಾರಾದೇವಿಯ ಮಾತಿದೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದಾಗ ದಾಳಿ ಮಾಡಿದ್ದು ಇಲ್ಲಿನ ಖಜಾನೆಯ ಮೇಲೆ. ಈಗ ಗುಡಿಯ ಆವರಣದಲ್ಲಿ ಹೆಚ್ಚಾಗಿ ಗಿಳಿಗಳದೇ ಗದ್ದಲ. ಊರ ದೊಡ್ಡ ಕೆರೆಯ ಏರಿ ಮೇಲೆ ಸಂಜೆ ನಡೆದರೆ ಊರು ಯಾಕೆ ಇಲ್ಲೇ ಕೂತಿತು ಅಂತ ಯಾರೂ ಹೇಳಬೇಕಾಗಿಲ್ಲ.

ಗದಗನ್ನು ಬರೀ ತಂಗುವ ಊರು ಮಾಡಿಕೊಳ್ಳಬೇಡಿ. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಕಂಬ ಅಂತ ತೋರಿಸುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕೂತು, ಅದು ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. ಗದಗಿನ ಬಿಸಿಲಿಗೆ ಬಟ್ಟೆ ಎಷ್ಟು ಹೊತ್ತು ಒದ್ದೆ ಇದ್ದೀತು ಅನ್ನುವುದು ನನ್ನ ತಲೆಹರಟೆ. ಸಂಜೆಗೆ ಗಿರ್ಮಿಟ್ಟು, ಮಿರ್ಚಿ. ರಾತ್ರಿಗೆ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ನವೆಂಬರಿನಿಂದ ಫೆಬ್ರುವರಿ ಒಳಗೆ ಹೋಗಿ. ಏಪ್ರಿಲ್‌ನಲ್ಲಿ ಕಲ್ಲಿನ ಮೇಲೆ ಬರಿಗಾಲು ಇಡಲು ಆಗುವುದಿಲ್ಲ.

ಕೊಪ್ಪಳ ಜಿಲ್ಲೆಯ ಇಟಗಿಯನ್ನು ಕೊನೆಗೆ ಇಟ್ಟುಕೊಳ್ಳಿ, ಕುಕನೂರಿನಿಂದ ಹತ್ತಿರ. ಅಲ್ಲಿನ ಮಹಾದೇವ ಗುಡಿಯನ್ನು 1112ರ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಮೊದಲೇ ಅದನ್ನು ನೋಡಿದರೆ ಉಳಿದ ಗುಡಿಗಳ ಮುಂದೆ ನಿಲ್ಲುವ ತಾಳ್ಮೆ ಇರುವುದಿಲ್ಲ. ಪಕ್ಕದಲ್ಲೇ ಹೊಂಡವೂ ಇದೆ, ಅಲ್ಲಿಂದಲೇ ಶುರು ಮಾಡಿ.